ಮೊದಲು ಸ್ಕ್ಯಾನ್, ಆಮೇಲೆ ಸೂಜಿ

ಐವತ್ತು ದಾಟಿದ ಗಂಡಸಿನ ಹೆಲ್ತ್ ಚೆಕಪ್ ವರದಿಯಲ್ಲಿ, ಪ್ರಾಸ್ಟೇಟ್ ಗ್ರಂಥಿ ರಕ್ತಕ್ಕೆ ಬಿಡುವ ಪ್ರೋಟೀನಾದ ಪಿಎಸ್‌ಎ ಪ್ರಮಾಣ ನಾಲ್ಕನ್ನು ಮೀರಿತೆಂದರೆ ಮನೆಮಂದಿಯ ನಿದ್ದೆ ಹಾರುತ್ತದೆ. ಪಿಎಸ್‌ಎ ಏರಲು ಕ್ಯಾನ್ಸರೇ ಆಗಬೇಕಿಲ್ಲ. ವಯಸ್ಸಾಗಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದರೂ, ಮೂತ್ರದ ಸೋಂಕಾದರೂ ಏರುತ್ತದೆ. ಆದರೂ ದಶಕಗಳ ಕಾಲ ಮುಂದಿನ ದಾರಿ ಒಂದೇ ಆಗಿತ್ತು: ಗುದದ್ವಾರದಲ್ಲಿ ಅಲ್ಟ್ರಾಸೌಂಡ್ ಸಾಧನ ತೂರಿಸಿ, ಗ್ರಂಥಿಯ ಹತ್ತು ಹನ್ನೆರಡು ಕಡೆ ಸೂಜಿ ಚುಚ್ಚಿ ಚೂರು ತೆಗೆಯುವುದು. ಗಡ್ಡೆ ಎಲ್ಲಿದೆಯೆಂದು ತಿಳಿಯದೆ ಮಾಡುವ ಈ ಬಯಾಪ್ಸಿ, ಕತ್ತಲಲ್ಲಿ ಕಲ್ಲೆಸೆದ ಹಾಗೆ.

ಎಷ್ಟು ಕಲ್ಲು ಗುರಿ ತಪ್ಪುತ್ತಿದ್ದವು ಎಂಬುದನ್ನು 2017ರಲ್ಲಿ ಬ್ರಿಟನ್ನಿನ ‘ಪ್ರಾಮಿಸ್’ ಅಧ್ಯಯನ ತೋರಿಸಿತು. 576 ಮಂದಿಯ ಮೇಲೆ ಎಂಆರ್‌ಐ ಸ್ಕ್ಯಾನ್ ಮತ್ತು ಈ ಬಯಾಪ್ಸಿ ಎರಡನ್ನೂ ಒರೆಗೆ ಹಚ್ಚಿದಾಗ, ಅಪಾಯಕಾರಿ ಕ್ಯಾನ್ಸರುಗಳಲ್ಲಿ ಶೇ 93ರಷ್ಟು ಎಂಆರ್‌ಐಗೆ ಸಿಕ್ಕವು; ಹಳೆಯ ಬಯಾಪ್ಸಿಗೆ ಸಿಕ್ಕಿದ್ದು ಶೇ 48 ಮಾತ್ರ. ಮರುವರ್ಷ ಹನ್ನೊಂದು ದೇಶಗಳ ‘ಪ್ರಿಸಿಷನ್’ ಪ್ರಯೋಗ ಬಂತು. ಮೊದಲು ಎಂಆರ್‌ಐ ಮಾಡಿ, ಅನುಮಾನವಿದ್ದ ಜಾಗಕ್ಕಷ್ಟೇ ಸೂಜಿ ಹಾಕಿದ ಗುಂಪಿನಲ್ಲಿ ಶೇ 38 ಜನರಲ್ಲಿ ಅಪಾಯಕಾರಿ ಕ್ಯಾನ್ಸರ್ ಪತ್ತೆಯಾಯಿತು, ಹಳೆಯ ವಿಧಾನದಲ್ಲಿ ಶೇ 26ರಲ್ಲಿ. ನಿರುಪದ್ರವಿ ಕ್ಯಾನ್ಸರಿನ ಪತ್ತೆ ಮಾತ್ರ ಶೇ 22ರಿಂದ 9ಕ್ಕೆ ಇಳಿಯಿತು.

ನನ್ನ ಮಟ್ಟಿಗೆ ಈ ಕೊನೆಯ ಇಳಿಕೆಯೇ ದೊಡ್ಡ ಲಾಭ. ಪ್ರಾಸ್ಟೇಟ್ ಕ್ಯಾನ್ಸರುಗಳಲ್ಲಿ ಅನೇಕವು ಮನುಷ್ಯನ ಆಯಸ್ಸಿಗಿಂತ ನಿಧಾನವಾಗಿ ಬೆಳೆಯುತ್ತವೆ. ಅಂಥದ್ದನ್ನು ಹುಡುಕಿ ತೆಗೆದು ಶಸ್ತ್ರಚಿಕಿತ್ಸೆ ಮಾಡಿದರೆ ರೋಗಿಗೆ ಉಳಿಯುವುದು ಮೂತ್ರ ಸೋರುವಿಕೆ, ಲೈಂಗಿಕ ದೌರ್ಬಲ್ಯ. ಬ್ರಿಟನ್ನಿನ ‘ಪ್ರೊಟೆಕ್ಟ್’ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆ, ವಿಕಿರಣ, ಬರೀ ನಿಗಾ ಈ ಮೂರೂ ಗುಂಪುಗಳಲ್ಲಿ ಹದಿನೈದು ವರ್ಷಗಳಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ಶೇ 3ರ ಆಸುಪಾಸು. ನಿಗಾ ಗುಂಪಿನಲ್ಲಿ ರೋಗ ಹರಡಿದ್ದು ಹೆಚ್ಚು, ನಿಜ. ಆದರೆ ಆ ಕಾಲದ ನಿಗಾ ಮುಖ್ಯವಾಗಿ ಪಿಎಸ್‌ಎಯನ್ನು ನಂಬಿತ್ತು. ಇಂದು ಆಗಾಗ ಎಂಆರ್‌ಐ ಮಾಡಿ ಗಡ್ಡೆಯ ಚಹರೆ ಬದಲಾಯಿತೇ ಎಂದು ನೋಡಬಹುದು. ‘ಕ್ಯಾನ್ಸರ್ ಇದೆ, ಸದ್ಯಕ್ಕೆ ಮುಟ್ಟುವುದು ಬೇಡ’ ಎಂಬ ಮಾತು ನಮ್ಮ ಕುಟುಂಬಗಳಿಗೆ ಅರಗುವುದು ಕಷ್ಟ. ವೈದ್ಯರಿಗೂ ಅದನ್ನು ಹೇಳುವ ತಾಳ್ಮೆ ಬೇಕು.

ಎಂಆರ್‌ಐ ಬೆರಳಿಟ್ಟದ್ದೆಲ್ಲ ಕ್ಯಾನ್ಸರಲ್ಲ. ಹಳೆಯ ಉರಿಯೂತ, ಕ್ಷಯದ ಗಂಟು ಕೂಡ ಚಿತ್ರದಲ್ಲಿ ಹಾಗೇ ಕಾಣಬಲ್ಲವು. ಕ್ಷಯ ಇನ್ನೂ ಬಿಟ್ಟುಹೋಗದ ನಮ್ಮಲ್ಲಿ ಇದು ಸಣ್ಣ ಸಂಗತಿಯಲ್ಲ. ಅನುಮಾನ ಎಷ್ಟೆಂದು ಹೇಳುವ, ಒಂದರಿಂದ ಐದರವರೆಗಿನ ಪೈ-ರ‍್ಯಾಡ್ಸ್ ಅಂಕ ಕೊಡುವುದು ಓದುವ ಕಣ್ಣಿನ ಪಳಗುವಿಕೆಗೆ ಬಿಟ್ಟದ್ದು. ಹಾಗಾಗಿ ಜಿಲ್ಲಾಸ್ಪತ್ರೆಗೆ ಯಂತ್ರ ತಂದು ನಿಲ್ಲಿಸಿದರೆ ಸಾಲದು, ಅಲ್ಲಿನ ರೇಡಿಯಾಲಜಿಸ್ಟ್‌ಗೆ ತರಬೇತಿಯೂ ಬೇಕು. ಖರ್ಚಿನ ವಿಷಯದಲ್ಲಿ ಒಂದು ಸಮಾಧಾನವಿದೆ: 2025ರಲ್ಲಿ ಪ್ರಕಟವಾದ ‘ಪ್ರೈಮ್’ ಪ್ರಯೋಗದ ಪ್ರಕಾರ, ಕಾಂಟ್ರಾಸ್ಟ್ ಚುಚ್ಚುಮದ್ದಿಲ್ಲದ ಚುಟುಕು ಸ್ಕ್ಯಾನ್ ಕೂಡ ಪೂರ್ಣ ಸ್ಕ್ಯಾನಿನಷ್ಟೇ ಅಪಾಯಕಾರಿ ಕ್ಯಾನ್ಸರುಗಳನ್ನು ಪತ್ತೆ ಮಾಡುತ್ತದೆ. ಸರ್ಕಾರಿ ವಿಮಾ ಯೋಜನೆಗಳು ಬಯಾಪ್ಸಿಗೆ ಮುಂಚಿನ ಈ ಚುಟುಕು ಸ್ಕ್ಯಾನಿನ ವೆಚ್ಚ ಭರಿಸಬೇಕು.

ಕ್ಯಾನ್ಸರ್ ಮೂಳೆಗೆ ಹರಡಿ ಬೆನ್ನುಮೂಳೆ ನೋವು ಶುರುವಾದ ಮೇಲೆ ಆಸ್ಪತ್ರೆ ಕಾಣುವ ಹಳ್ಳಿಯ ಹಿರಿಯರ ಕಷ್ಟ ಬೇರೆಯೇ. ಅದನ್ನು ಈ ಯಂತ್ರವೊಂದೇ ನೀಗುವುದಿಲ್ಲ. ಪಿಎಸ್‌ಎ ವರದಿ ಕೈಗೆ ಬಂದವರು ಮಾತ್ರ ಸೂಜಿಗೆ ಒಪ್ಪುವ ಮುನ್ನ ವೈದ್ಯರನ್ನು ಕೇಳಲಿ: ‘ಡಾಕ್ಟ್ರೇ, ಮೊದಲು ಎಂಆರ್‌ಐ ಮಾಡಿಸೋಣವೇ?’ ಏಕೆಂದರೆ ಬಯಾಪ್ಸಿ ಆದಮೇಲೆ ಒಳಗೆ ಹೆಪ್ಪುಗಟ್ಟಿದ ರಕ್ತ ವಾರಗಟ್ಟಲೆ ಚಿತ್ರವನ್ನು ಕೆಡಿಸುತ್ತದೆ.