ತಿಳಿಯೋ ತನಕ ಕೇಳ್ರಿ, ಬೆಳ್ಳಟ್ಟಿ ಮಂದಿ!



ದವಾಖಾನೆಯಿಂದ ಹೊರಗೆ ಬಂದವರನ್ನು "ಡಾಕ್ಟರು ಏನಂದ್ರು?" ಎಂದು ಕೇಳಿ ನೋಡಿ. "ಗುಳಿಗಿ ಕೊಟ್ಟಾರ, ಎರಡು ಹೊತ್ತು ತಗೋ ಅಂದಾರ" ಎನ್ನುತ್ತಾರೆ. ಯಾವ ರೋಗ, ಎಷ್ಟು ದಿನದ ಔಷಧಿ, ನಡುವೆ ಬಿಟ್ಟರೆ ಏನಾಗುತ್ತದೆ ಎಂದರೆ ಮುಖ ನೋಡುತ್ತಾರೆ. ಚೀಟಿ ಇಂಗ್ಲಿಷಿನಲ್ಲಿ. ಗುಳಿಗೆ ಪಟ್ಟಿಯ ಮೇಲಿನ ಅಕ್ಷರವೂ ಇಂಗ್ಲಿಷೇ. ಹಿಂದೆ ಪಾಳಿ ಉದ್ದ, ಮರಳಿ ಕೇಳಿದರೆ ಬೈದಾರು ಎಂಬ ಅಂಜಿಕೆ. ಈ ಅಂಜಿಕೆ ನಮ್ಮ ಮಂದಿಯ ಜೀವಕ್ಕೆ ಎರವಾಗುತ್ತಿದೆ.

ಟಿ.ಬಿ.ಯನ್ನೇ ತಗೊಳ್ಳಿ. ಸಾಮಾನ್ಯವಾಗಿ 6 ತಿಂಗಳ ಗುಳಿಗೆ. ಅದರಲ್ಲಿ ರಿಫಾಂಪಿಸಿನ್ ಎಂಬ ಔಷಧಿ ಇರುತ್ತದೆ. ಅದನ್ನು ನುಂಗಿದ ಕೆಲ ಗಂಟೆಗಳಲ್ಲೇ ಮೂತ್ರ ಕೇಸರಿ-ಕೆಂಪಗೆ ಬರುತ್ತದೆ, ಬೆವರು, ಕಣ್ಣೀರಿಗೂ ಬಣ್ಣ ಏರುತ್ತದೆ. ಅದು ಔಷಧಿಯ ಬಣ್ಣ, ಅದರಿಂದ ಅಪಾಯವಿಲ್ಲ. ಇಷ್ಟನ್ನು ಮೊದಲೇ ಹೇಳದಿದ್ದರೆ ರೋಗಿ ಏನು ತಿಳಿಯಬೇಕು? "ರಕ್ತ ಹೊಂಟೈತಿ, ಗುಳಿಗಿ ಉಷ್ಣ ಆಗೈತಿ" ಎಂದು ಅಂಜಿ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಎರಡು ತಿಂಗಳಿಗೆ ಕೆಮ್ಮು ನಿಂತು ಮೈ ಹಿಡಿದ ಕೂಡಲೆ ಆರಾಮಾಯಿತೆಂದು ನಿಲ್ಲಿಸುತ್ತಾರೆ. ಒಳಗೆ ಉಳಿದ ರೋಗಾಣು ಆ ಗುಳಿಗೆಗೆ ಬಗ್ಗದಂತೆ ಬಲಿತು, ಮನೆಯವರಿಗೂ ಹತ್ತಬಹುದು. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅದೇ ದಿನ ದವಾಖಾನೆಗೆ ಹೋಗಬೇಕು. ಅಪಾಯವಿಲ್ಲದ ಬಣ್ಣಕ್ಕೂ ಈ ಅಪಾಯದ ಲಕ್ಷಣಗಳಿಗೂ ಇರುವ ವ್ಯತ್ಯಾಸ ತಿಳಿಸಲು ಐದು ನಿಮಿಷ ಸಾಕು.

ಗೋವಾ, ಮಂಗಳೂರಿಗೆ ದುಡಿಯಲು ಹೋಗುವವರೆ, ನೀವೂ ಔಷಧಿ ಬಿಡಬೇಕಾಗಿಲ್ಲ. ಟಿ.ಬಿ. ರೋಗಿಯೆಂದು ಹೆಸರು ಬರೆಸಿದಾಗ ಸಿಗುವ ನಿಕ್ಷಯ್ ಸಂಖ್ಯೆ ಇದ್ದರೆ ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲೂ ಗುಳಿಗೆ ಪುಕ್ಕಟೆ ಮುಂದುವರಿಯುತ್ತದೆ. ಚಿಕಿತ್ಸೆ ನಡೆಯುವಷ್ಟು ದಿನ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1000 ರೂಪಾಯಿ ರೋಗಿಯ ಬ್ಯಾಂಕ್ ಖಾತೆಗೆ ಬರಬೇಕು. 500 ಇದ್ದದ್ದು 2024ರ ನವೆಂಬರ್‌ನಿಂದ ಇಷ್ಟಾಗಿದೆ.

ಇನ್ನು ನೀರಿನ ಮಾತು. ನಮ್ಮ ಶಿರಹಟ್ಟಿ-ಮುಂಡರಗಿ ಸೀಮೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಹಳದಿ-ಕಂದು ಪಟ್ಟೆ ಮೂಡುತ್ತವೆ, ಪ್ರಮಾಣ ಇನ್ನೂ ಹೆಚ್ಚಿದ್ದರೆ ದೊಡ್ಡವರ ಸೊಂಟ, ಮೊಣಕಾಲು, ಕುತ್ತಿಗೆ ಬಿಗಿಯುತ್ತವೆ. ಆದರೆ ಮಗುವಿಗೆ ನಾವು ಹೇಳುವುದೇನು? "ಹಲ್ಲು ತಿಕ್ಕಂಗಿಲ್ಲ ನೀ!" ಮೊಣಕಾಲು ಹಿಡಿದ ಅಜ್ಜನಿಗೆ "ವಾಯು" ಎನ್ನುತ್ತೇವೆ. ಕೂಸಿನದೂ ಅಜ್ಜನದೂ ತಪ್ಪಿಲ್ಲ, ತಪ್ಪು ಕೊಡದೊಳಗಿನ ನೀರಿನದು. ವಾಂತಿಭೇದಿ ಬಂದಾಗ "ನೀರು ಕುದಿಸಿ ಕುಡೀರಿ" ಎಂದು ಸಾರುತ್ತಾರೆ. ಆ ರೋಗಕ್ಕೆ ಅದು ಸರಿಯಾದ ಮಾತೇ. ಫ್ಲೋರೈಡ್ ಮಾತ್ರ ಕುದಿಸಿದರೆ ಹೋಗುವುದಿಲ್ಲ, ಅರಿವೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಕುದಿದು ನೀರು ಇಂಗಿದಷ್ಟೂ ಉಳಿದ ನೀರಿನಲ್ಲಿ ಅದು ಹೆಚ್ಚುತ್ತದೆ. ಎಲ್ಲ ರೋಗಕ್ಕೂ ಒಂದೇ ಘೋಷಣೆ ಕೂಗಿದರೆ ಆಗುವ ಅನಾಹುತ ಇದು. ಜಲಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಗೆ ಐವರು ಹೆಣ್ಣುಮಕ್ಕಳಿಗೆ ಕಿಟ್ಟಿನಿಂದ ನೀರು ಪರೀಕ್ಷಿಸಲು ಕಲಿಸಬೇಕೆಂದಿದೆ. ನಮ್ಮೂರಲ್ಲಿ ಆ ಐವರು ಯಾರು? ಯಾವ ಬೋರಿನ ನೀರು ಎಷ್ಟು ತೋರಿಸಿತು? ಪಂಚಾಯಿತಿ ಅದನ್ನು ನಲ್ಲಿಯ ಪಕ್ಕದ ಗೋಡೆಯ ಮೇಲೆ ಬರೆಸಲಿ.

ಮತ್ತೆ ದವಾಖಾನೆಯ ಮಾತಿಗೆ ಬರೋಣ. ತಾಂಡಾದ ಅಜ್ಜಿಗೆ ಲಂಬಾಣಿ ಮಾತು ಬಾಯಿಗೆ ಹತ್ತಿರ. ಓಣಿಯ ಮುಸ್ಲಿಂ ಅಕ್ಕನಿಗೆ ಉರ್ದು. ದವಾಖಾನೆಯಲ್ಲಿ ಅಜ್ಜಿಯ ಪರವಾಗಿ ಮಾತಾಡುವವನು ಏಳನೇ ಇಯತ್ತೆಯ ಮೊಮ್ಮಗ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಕೆ ಬಿಳಿ ಸೆರಗಿನ ಮಾತು ಹೇಗೆ ಎತ್ತಿಯಾಳು? "ಸೊಂಟ ನೋವು" ಎಂದಷ್ಟೇ ಹೇಳಿ, ನೋವಿನ ಗುಳಿಗೆ ಇಸಿದುಕೊಂಡು ಬರುತ್ತಾಳೆ. ಒಳಗಿನ ರೋಗ ಒಳಗೇ ಬೆಳೆಯುತ್ತದೆ. ಅವರವರ ಭಾಷೆ ಬಲ್ಲ ಆಶಾ ಅಕ್ಕ ಒಬ್ಬರು ಪಕ್ಕದಲ್ಲಿರಬೇಕು. ಇದನ್ನು ಬೇಡುವುದು ಹೆಚ್ಚಲ್ಲ.

ಮುಚ್ಚಿಡುವ ಮಾತು ಇನ್ನೊಂದಿದೆ. ಕಪ್ಪತಗುಡ್ಡದ ಬೇರು, ನಾಟಿ ಔಷಧಿ ತಗೊಳ್ಳುವವರು ಡಾಕ್ಟರರ ಮುಂದೆ ಮುಚ್ಚಿಡಬೇಡಿ. ಡಾಕ್ಟರರೆ, ಹೇಳಿದವರನ್ನು ಗದರಬೇಡಿ. ಗದರಿದರೆ ಮುಂದಿನ ಸಲ ಅವರು ಹೇಳುವುದಿಲ್ಲ, ಎರಡು ಔಷಧಿ ಹೊಟ್ಟೆಯಲ್ಲಿ ಕೂಡಿ ಏನು ಮಾಡಿದವೆಂದು ನಿಮಗೂ ತಿಳಿಯುವುದಿಲ್ಲ.

ನಮಗೆ ತಿಳಿಯುವಂತೆ ಹೇಳಿ ಎನ್ನುವುದು ದಯೆ ಬೇಡುವ ಮಾತಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು, ರೋಗ ಮತ್ತು ಚಿಕಿತ್ಸೆಯನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು ಎನ್ನುತ್ತದೆ. ಸರ್ಕಾರಿ ವೈದ್ಯರು ಔಷಧ ಚೀಟಿ ಕನ್ನಡದಲ್ಲಿ ಬರೆಯಲಿ ಎಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ 2024ರಲ್ಲೇ ಆರೋಗ್ಯ ಸಚಿವರಿಗೆ ಪತ್ರ ಬರೆದಿದ್ದಾರೆ. ಕೇಳುವ ಬಾಯಿ ಬೆಳ್ಳಟ್ಟಿಯಲ್ಲೂ ತೆರೆಯಲಿ.

ಮುಂದಿನ ಗ್ರಾಮಸಭೆಗೆ ಮನೆಗೊಬ್ಬರಾದರೂ ಬನ್ನಿ, ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿ ಕೂಡಿ. ಡಾಕ್ಟರು ಚೀಟಿಯ ಹಿಂದೆ ಕನ್ನಡದಲ್ಲಿ ರೋಗದ ಹೆಸರು, ಎಷ್ಟು ದಿನ, ಬಿಟ್ಟರೆ ಏನು ಎಂದು ಬರೆದುಕೊಡಲಿ; ತಾಂಡಾದವರಿಗೆ, ಉರ್ದು ಆಡುವವರಿಗೆ ಅವರ ಮಾತಿನಲ್ಲಿ ತಿಳಿಹೇಳುವವರಿರಲಿ; ಬೋರಿನ ಲೆಕ್ಕ ಗೋಡೆಗೆ ಬರಲಿ ಎಂದು ಠರಾವು ಮಾಡಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಏಳೋಣ. ಅಲ್ಲಿಯ ತನಕ ಯಾವುದೇ ಅನುಮಾನವಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಹಚ್ಚಿ, ಕನ್ನಡದಲ್ಲೇ ಕೇಳಿ. ಸಭೆಗೆ ಬರುವಾಗ ಮನೆಯಲ್ಲಿರುವ ಹಳೆಯ ಚೀಟಿ, ಗುಳಿಗೆ ಪಟ್ಟಿ ಎಲ್ಲ ಚೀಲದಲ್ಲಿ ಹಾಕಿಕೊಂಡು ಬನ್ನಿ.

— ಬೆಳ್ಳಟ್ಟಿಯ ಗ್ರಾಮಸ್ಥರು