ಆ್ಯಪ್‌ನ ಲೆಕ್ಕಕ್ಕೆ ಅಮ್ಮನೂ ಬರಲಿ

ಬ್ರಿಟನ್ನಿನ ಕನ್ನಡ ಮನೆಗಳವರಲ್ಲಿ ಒಂದು ಕೋರಿಕೆ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಹಾಗೆ ಸಿಕ್ಕ ಆ ಒಂದು ಗಂಟೆಯನ್ನು ಮನೆಯ ಹೀಟಿಂಗ್‌ಗೆ ಕೊಡಿ. ಊರಿನಿಂದ ಅಪ್ಪ, ಅಮ್ಮ ಬಂದಿದ್ದರಂತೂ ತಪ್ಪಿಸಲೇಬೇಡಿ.

ನಮ್ಮ ಮನೆಯಲ್ಲಿ ಆದದ್ದು ಇದು. ಸ್ಮಾರ್ಟ್ ಥರ್ಮೋಸ್ಟಾಟ್ ಹಾಕಿಸಿ, ಫೋನು ಮನೆಯಿಂದ ದೂರ ಹೋದರೆ ಹೀಟಿಂಗ್ ತಾನಾಗಿಯೇ ತಗ್ಗುವ ಸೌಲಭ್ಯವನ್ನು ಜಂಬದಿಂದ ಆನ್ ಮಾಡಿದ್ದೆ. ಮಧ್ಯಾಹ್ನ ಆಫೀಸಿನಿಂದ ವಿಡಿಯೊ ಕಾಲ್ ಮಾಡಿದರೆ ಅಮ್ಮ ಮಂಕಿ ಕ್ಯಾಪ್ ಹಾಕಿಕೊಂಡು, ಸ್ವೆಟರಿನ ಮೇಲೆ ಶಾಲು ಹೊದ್ದು ಸೋಫಾದ ಮೂಲೆಯಲ್ಲಿ ಮುದುರಿ ಕೂತಿದ್ದಾಳೆ. ‘ಈ ದೇಶದ ಚಳಿಯೇ ಹಿಂಗೆ ಅಂದ್ಕೊಂಡೆ ಕಣೋ’ ಅಂದಳು. ಆ್ಯಪ್ ತೆರೆದು ನೋಡಿದರೆ ಹಾಲ್‌ನಲ್ಲಿ 15 ಡಿಗ್ರಿ. ಮೇಲುಗಡೆ, ಮನೆಯಲ್ಲಿ ಯಾರೂ ಇಲ್ಲ ಎಂಬ ಗುರುತು. ಅದರ ಲೆಕ್ಕದಲ್ಲಿ ಇದ್ದದ್ದು ನನ್ನ ಮತ್ತು ನನ್ನ ಹೆಂಡತಿಯ ಫೋನು ಮಾತ್ರ. ತಪ್ಪು ಯಂತ್ರದ್ದಲ್ಲ, ನನ್ನದು.

ಹಿರಿಯರು ಇರುವಷ್ಟು ತಿಂಗಳು ಆ ಸೌಲಭ್ಯವನ್ನು ತೆಗೆದುಬಿಡಿ. ಅವರು ಕೂರುವ ಕೋಣೆ ಹಗಲು 18 ಡಿಗ್ರಿಗಿಂತ ಕೆಳಗಿಳಿಯದಂತೆ ವೇಳಾಪಟ್ಟಿ ಹಾಕಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ ಮಟ್ಟ ಅದು. ಬಳ್ಳಾರಿಯ ಬಿಸಿಲಿನಿಂದ ಬಂದವರಿಗೆ 20, 21 ಬೇಕಾದೀತು. ಅಲ್ಲಿ ಜಿಪುಣತನ ಬೇಡ. ಉಳಿತಾಯ ಮಾಡಲು ಖಾಲಿ ಕೋಣೆಗಳಿವೆಯಲ್ಲ.

ಇನ್ನು, ಥರ್ಮೋಸ್ಟಾಟ್ ಎಂದರೆ ಫ್ಯಾನ್ ರೆಗ್ಯುಲೇಟರ್ ಅಲ್ಲ. ಚಳಿಯಾಯಿತೆಂದು 28ಕ್ಕೆ ತಿರುಗಿಸಿದರೆ ಕೋಣೆ ಬೇಗ ಬಿಸಿಯಾಗುವುದಿಲ್ಲ. 28 ಮುಟ್ಟುವ ತನಕ ಬಾಯ್ಲರ್ ಉರಿಯುತ್ತಲೇ ಇರುತ್ತದೆ, ಅಷ್ಟೆ. ರೇಡಿಯೇಟರಿನ ನಾಬ್ ಮೇಲಿರುವ 3 ಎಂಬ ಅಂಕಿಯೂ ಹಾಗೆಯೇ: ಸುಮಾರು 20 ಡಿಗ್ರಿಗೆ ನಿಲ್ಲು ಎಂಬ ಸೂಚನೆ. ಆ ನಾಬ್ ತನ್ನ ಸುತ್ತಲಿನ ಗಾಳಿಯನ್ನು ಮಾತ್ರ ಬಲ್ಲದು. ಅದರ ಮೇಲೆ ಪರದೆ ಇಳಿಬಿಟ್ಟರೆ, ಒದ್ದೆ ಸೀರೆ ಒಣಹಾಕಿದರೆ, ಒಳಗೆ ಸಿಕ್ಕಿಕೊಂಡ ಬಿಸಿಯನ್ನೇ ಇಡೀ ಕೋಣೆಯ ಬಿಸಿ ಎಂದುಕೊಂಡು ಮುಚ್ಚಿಕೊಳ್ಳುತ್ತದೆ.

ಬೇಸಿಗೆಯಿಡೀ ಮುಚ್ಚಿದ್ದ ರೇಡಿಯೇಟರ್ ಎಷ್ಟು ತೆರೆದರೂ ತಣ್ಣಗೇ ಇದೆಯೇ? ನಾಬನ್ನು ಬಿಚ್ಚಿ ನೋಡಿ. ಒಳಗೊಂದು ಸಣ್ಣ ಪಿನ್ ಇರುತ್ತದೆ. ಒತ್ತಿದರೆ ಒಳಗೆ ಹೋಗಿ, ಬಿಟ್ಟರೆ ಪುಟಿದು ಬರಬೇಕು. ಅಂಟಿಕೊಂಡಿದ್ದರೆ ಸ್ಪ್ಯಾನರಿನ ಚಪ್ಪಟೆ ಬದಿಯಿಂದ ಮೆಲ್ಲಗೆ ನಾಲ್ಕಾರು ಸಲ ಒತ್ತಿ. ಇಕ್ಕಳದಿಂದ ಹಿಡಿದು ಎಳೆಯಲು ಮಾತ್ರ ಹೋಗಬೇಡಿ; ಪಿನ್ ಕಿತ್ತು ಬಂದರೆ ಕಾರ್ಪೆಟ್ ತುಂಬ ನೀರು.

ನೆಲದಡಿಯ ಹೀಟಿಂಗ್ ಇರುವವರಿಗೆ ಬೇರೆ ಮಾತು. ಕೆಳಗೆ ಹರಿಯುವ ನೀರು 35ರಿಂದ 45 ಡಿಗ್ರಿಯದು, ಬಿಸಿಯಾಗಬೇಕಾದ್ದು ದಪ್ಪ ಸಿಮೆಂಟ್ ಹಾಸು. ಬೆಳಿಗ್ಗೆ ಒಂದು ಗಂಟೆ ಹಾಕಿ ಆರಿಸಿದರೆ, ನೆಲ ಬೆಚ್ಚಗಾಗುವ ಹೊತ್ತಿಗೆ ನೀವು ರೈಲಿನಲ್ಲಿ ಇರುತ್ತೀರಿ. ರೇಡಿಯೇಟರಿನ ವೇಳಾಪಟ್ಟಿಯನ್ನು ಇದಕ್ಕೆ ನಕಲು ಮಾಡಬೇಡಿ. ಒಂದೇ ಮಟ್ಟದಲ್ಲಿ ಬಿಟ್ಟು, ರಾತ್ರಿ ಎರಡು ಡಿಗ್ರಿ ಇಳಿಸಿದರೆ ಸಾಕು. ದಪ್ಪ ಜಮಖಾನ ಹಾಸಿದರೆ ಬಿಸಿ ಅದರ ಅಡಿಯಲ್ಲೇ ಉಳಿಯುತ್ತದೆ. ನೆಲದ ಮೇಲೆ ಕೂತು ಉಣ್ಣುವ ನಮ್ಮವರಿಗೆ ಬೆಚ್ಚನೆಯ ನೆಲದಂಥ ಸುಖ ಇನ್ನೊಂದಿಲ್ಲ, ಅದು ಬೇರೆ ಮಾತು.

ಬಾಯ್ಲರಿನ ಒಳಗೆ ಮಾತ್ರ ನೀವೇ ಕೈಹಾಕಬೇಡಿ. ಗ್ಯಾಸ್ ಸೇಫ್ ನೋಂದಣಿ ಇರುವವರನ್ನೇ ಕರೆಯಿರಿ. ಬಾಡಿಗೆ ಮನೆಯಲ್ಲಿ ಹೊಸ ನಾಬ್ ಹಾಕಿಸುವುದಾದರೆ ಮೊದಲು ಮಾಲೀಕರನ್ನು ಕೇಳಿ; ಮನೆ ಬಿಡುವಾಗ ಮತ್ತೆ ಕೂರಿಸಲು, ಬಿಚ್ಚಿದ ಹಳೆಯ ನಾಬ್‌ಗಳನ್ನು ಚೀಲದಲ್ಲಿ ಕಟ್ಟಿಡಿ.

ಎಲ್ಲ ಮುಗಿದ ಮೇಲೆ ಅಮ್ಮನನ್ನೋ ಮಾವನನ್ನೋ ಗೋಡೆಯ ಥರ್ಮೋಸ್ಟಾಟ್ ಮುಂದೆ ಕರೆದು ನಿಲ್ಲಿಸಿ. ಫೋನಿಲ್ಲದೆ ಬಿಸಿ ಹೆಚ್ಚು ಮಾಡುವುದು ಹೇಗೆಂದು ತೋರಿಸಿ, ಅವರ ಕೈಯಿಂದಲೇ ಒಂದು ಸಲ ಮಾಡಿಸಿ. ಅದಕ್ಕೆ ಚೈಲ್ಡ್ ಲಾಕ್ ಹಾಕಿದ್ದರೆ, ದಯವಿಟ್ಟು ಇವತ್ತೇ ತೆಗೆಯಿರಿ.