ದುಬ್ವಾ ಪಾದ್ರಿಗಳ ಸಿಟ್ಟು, ಹದಿನೈದು ವರ್ಷದ ಗುಟ್ಟು

ಸೆಪ್ಟೆಂಬರ್ 8ರ ಸಂಜೆ ಶಿವಾಜಿನಗರದಲ್ಲಿ ಬಸ್ ಇಳಿದವರಿಗೆ ಹೇಳಬೇಕಾದ್ದಿಲ್ಲ. ಆರೋಗ್ಯಮಾತೆಯ ತೇರು, ಕಾವಿ ಸೀರೆಯ ಹೆಂಗಸರು, ಮೇಣದಬತ್ತಿ, ಹೂವು, ಕಾಲಿಡಲು ಜಾಗವಿಲ್ಲ. ಕುಂಕುಮದವರೂ ಬರುತ್ತಾರೆ, ಬುರ್ಖಾದವರೂ ಬರುತ್ತಾರೆ. ಆದರೆ ಸ್ವಾಮಿ, ಈ ಜಾಗದಲ್ಲಿ ಮೊದಲು ಚಾಪೆಲ್ ಕಟ್ಟಿಸಿದವರು ಯಾರು ಅಂತ ಕೇಳಿದರೆ ನೂರಕ್ಕೆ ತೊಂಬತ್ತು ಮಂದಿ ತಲೆ ಕೆರೆದುಕೊಳ್ಳುತ್ತಾರೆ.

ಅವರು ಅಬ್ಬೆ ದುಬ್ವಾ ಎಂಬ ಫ್ರೆಂಚ್ ಪಾದ್ರಿ. ಈಗಿನ ಎತ್ತರದ ಗೋಪುರದ ಚರ್ಚು 1882ರದ್ದು. ದುಬ್ವಾ ಕಾಲ ಅದಕ್ಕೂ ಬಹಳ ಹಿಂದಿನದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವರು ಮೈಸೂರು ಸೀಮೆಗೆ ಬಂದದ್ದು ಚೆದುರಿಹೋದ ಕ್ರೈಸ್ತರನ್ನು ಒಟ್ಟುಗೂಡಿಸಲು.

ಚೆದುರಿದ್ದು ಹೇಗೆ? 1784ರ ಬೂದಿ ಬುಧವಾರದ ಹೊತ್ತಿಗೆ ಟಿಪ್ಪು ಸುಲ್ತಾನನ ಸೈನ್ಯ ಕರಾವಳಿಯ ಕ್ರೈಸ್ತರನ್ನು ಮನೆಮಠ ಸಮೇತ ಎಬ್ಬಿಸಿತು. ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಅನುಮಾನ. ಎಣಿಕೆ 30 ಸಾವಿರ ಅನ್ನುವವರುಂಟು, 80 ಸಾವಿರ ಅನ್ನುವವರೂ ಉಂಟು. ಚರ್ಚುಗಳು ನೆಲಸಮವಾದವು. ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದ ಆ ದಾರಿಯಲ್ಲಿ ಸಾವಿರಾರು ಮಂದಿ ಸತ್ತರು. ಉಳಿದವರಿಗೆ ಬಲವಂತದ ಮತಾಂತರ, ಪ್ರಾಯದ ಗಂಡಸರಿಗೆ ಸೈನ್ಯದ ಚಾಕರಿ. ಹದಿನೈದು ವರ್ಷ ಹೀಗೇ ಹೋಯಿತು.

ಈಗ ಸ್ವಾರಸ್ಯ ನೋಡಿ. 1823ರಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ದುಬ್ವಾ ಈ ಜನರ ಮೇಲೆ ಸಿಡುಕುತ್ತಾರೆ. ಇಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ಎದೆಯೊಡ್ಡಿ ರಕ್ತಸಾಕ್ಷಿಯಾಗಲಿಲ್ಲವಲ್ಲ, ಎಂಥ ನಾಚಿಕೆಗೇಡು ಎಂಬರ್ಥದ ಮಾತು. ಮರುಕ್ಷಣವೇ ಇನ್ನೊಂದನ್ನೂ ಬರೆಯುತ್ತಾರೆ: ಸುಲ್ತಾನ ಸತ್ತದ್ದೇ ತಡ, ಅವರಲ್ಲಿ ಹೆಚ್ಚಿನವರು ಓಡಿಬಂದು, ನಾವು ಬದಲಾದದ್ದು ಹೊರಗಿನಿಂದ ಮಾತ್ರ ಅಂದರಂತೆ.

ಪಾದ್ರಿಗಳ ಮೇಲೆ ಗೌರವವಿದೆ. ಸಿಡುಬಿನ ಲಸಿಕೆ ಹಾಕಿಸಿದ ಪುಣ್ಯಾತ್ಮ. ಆದರೆ ಈ ಮಾತು ಒಪ್ಪಲಾಗದು. ಕತ್ತಿಗೆ ಕುತ್ತಿಗೆ ಕೊಡುವುದು ಒಂದು ಗಳಿಗೆಯ ಧೈರ್ಯ. ಕಂಕುಳಲ್ಲಿ ಕೂಸು, ಬಾಗಿಲಲ್ಲಿ ಸಿಪಾಯಿ ಇದ್ದಾಗ ಹದಿನೈದು ವರ್ಷ ಬಾಯಿ ಕಟ್ಟಿಕೊಂಡು ಒಳಗೇ ಜಪ ಮಾಡುವುದು ಸಣ್ಣ ಕೆಲಸವೇನ್ರೀ? ಪಾದ್ರಿಯಿಲ್ಲ, ಪೂಜೆಯಿಲ್ಲ. ಆದರೂ ಮರೆಯಲಿಲ್ಲ. ದಾರಿಯಲ್ಲಿ ಸತ್ತವರ ಹೆಸರು ಯಾವ ಪಂಚಾಂಗದಲ್ಲೂ ಇಲ್ಲ. ಪ್ರಾಣ ಕೊಟ್ಟೂ ಬಿಡದ ದೇವಸಹಾಯಂ ಪಿಳ್ಳೈ ಅವರ ಹೆಸರು ಉಳಿಯಿತು. ತಿರುವಾಂಕೂರಿನಲ್ಲಿ 1752ರಲ್ಲಿ ಗುಂಡೇಟಿಗೆ ಸತ್ತ ಅವರು 2022ರಲ್ಲಿ ಸಂತರಾದರು. ಹಣತೆ ಅವರಿಗೂ ಇರಲಿ, ಹೆಸರಿಲ್ಲದವರಿಗೂ ಇರಲಿ.

ಈಗ ನಮ್ಮ ಕಾಲಕ್ಕೆ ಬರೋಣ. ಟಿಪ್ಪು ಹೆಸರೆತ್ತಿದರೆ ಎರಡು ಗುಂಪು. ಒಂದು, ಇದೆಲ್ಲ ನಡೆದೇ ಇಲ್ಲ ಅನ್ನುತ್ತದೆ. ಇನ್ನೊಂದು, ಇದನ್ನೇ ದೊಣ್ಣೆ ಮಾಡಿಕೊಂಡು ರಸೆಲ್ ಮಾರ್ಕೆಟ್ಟಿನ ಹಣ್ಣಿನ ಸಾಬರ ಮೇಲೆ ಬೀಸುತ್ತದೆ. ಎರಡೂ ಸುಳ್ಳು. ನಡೆದದ್ದು ನಡೆದಿದೆ. ಮಾಡಿದ್ದು ಸಿಂಹಾಸನವೇ ಹೊರತು ನೆರೆಮನೆಯಲ್ಲ. ಶೃಂಗೇರಿ ಮಠಕ್ಕೆ ನೆರವು ಕೊಟ್ಟವನೂ ಅದೇ ಸುಲ್ತಾನ. ದೇವಸಹಾಯರನ್ನು ಕೊಂದದ್ದು ಹಿಂದೂ ದೊರೆಯ ಆಡಳಿತ. ಗೋವೆಯಲ್ಲಿ 1560ರಿಂದ ಇನ್‌ಕ್ವಿಸಿಷನ್ ನಡೆಸಿದವರು ಕ್ರೈಸ್ತರೇ. ಅಧಿಕಾರಕ್ಕೆ ಅನುಮಾನ ಹತ್ತಿದರೆ ಅದು ಯಾವ ಮತದ್ದಾದರೂ ಅಷ್ಟೇ. ನೆರೆಯವರ ಮಾತು ಬೇರೆ. ಮೂಡಬಿದಿರೆ ಬಳಿಯ ಹೊಸಬೆಟ್ಟು ಚರ್ಚು ಉಳಿದದ್ದು ಜೈನ ಚೌಟ ಅರಸರ ಸ್ನೇಹದಿಂದ ಎಂದು ಕರಾವಳಿಯವರು ಇಂದಿಗೂ ನೆನೆಯುತ್ತಾರೆ.

ನಮ್ಮದೊಂದು ಸಣ್ಣ ಬೇಡಿಕೆ. ಬಸ್ ನಿಲ್ದಾಣದ ಕಡೆಯಿಂದ ಚರ್ಚಿಗೆ ಹೋಗುವ ದಾರಿಯಲ್ಲಿ ಒಂದು ಕಲ್ಲು ನಿಲ್ಲಿಸಲಿ. ಕನ್ನಡ, ತಮಿಳು, ಉರ್ದು ಮೂರರಲ್ಲೂ ಈ ಕಥೆ ನಾಲ್ಕು ಸಾಲು ಇರಲಿ. ಬೈಗುಳ ಬೇಡ, ಜೈಕಾರವೂ ಬೇಡ. ಬಸ್ಸಿಗೆ ಕಾಯುವವನು ಓದಿಕೊಳ್ಳಲಿ: ಬಲವಂತದಿಂದ ಹೆಸರು ಬದಲಿಸಬಹುದು, ಮನಸ್ಸು ಬದಲಿಸಲಾಗದು. ಇದು 1784ಕ್ಕೂ ನಿಜ, ನಾಳೆಗೂ ನಿಜ.